ಅತ್ತೆ ಇಟ್ಟ ಕೊನೆಯ ಹೆಸರು

ನಮ್ಮ ಅತ್ತೆಯ ಬೆನ್ನು ಜೋಳದ ಚೀಲದಷ್ಟು ಅಗಲವಿತ್ತು. ಅಗಲವಿದ್ದದ್ದೇ ಒಳ್ಳೆಯದಾಯಿತು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವವಳು ಅಪ್ಪನ ಅಕ್ಕನೋ ತಂಗಿಯೋ ಆಗಿರಬೇಕು. ಅವಳು ಹಾಗೆ ಬಗ್ಗಿದಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಮಗುವಿಗೆ ಶುಭವೆಂಬ ನಂಬಿಕೆಯೋ, ನಾದಿನಿಯ ಮೇಲೆ ಕೂಡಿಟ್ಟ ಸಿಟ್ಟೋ, ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಅಪ್ಪನ ಮಕ್ಕಳಿಗೂ ಕಾಕಂದಿರ ಮಕ್ಕಳಿಗೂ ಹೆಸರಿಟ್ಟವಳು ಈ ಒಬ್ಬಳೇ ಅತ್ತೆ. ಅಷ್ಟೂ ಗುದ್ದುಗಳನ್ನು ನಗುತ್ತಲೇ ತಿಂದಿದ್ದಳು. ಕಾಕಾನ ಮಗನ ತೊಟ್ಟಿಲಿನಲ್ಲಿ ನಮ್ಮವ್ವ ಕೊಟ್ಟ ಗುದ್ದು ಮಾತ್ರ ಇನ್ನೂ ನೋಯುತ್ತದೆಂದು ಅವ್ವನ ಎದುರಿಗೇ ಬೆನ್ನು ಸವರಿಕೊಳ್ಳುತ್ತಿದ್ದಳು.

ಅವಳು ಹುಟ್ಟಿದ್ದು ಇಳಕಲ್ಲಿನಲ್ಲಿ, ಕೊಟ್ಟಿದ್ದು ಹುನಗುಂದಕ್ಕೆ. ದನಿ ಎಷ್ಟು ದೊಡ್ಡದೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಅವಳು ನಮ್ಮನ್ನು ಕರೆದರೆ ಕಂಡಕ್ಟರರು ಸುಮ್ಮನಾಗಿ ತಿರುಗಿ ನೋಡುತ್ತಿದ್ದರು. ತೊಟ್ಟಿಲ ದಿನಕ್ಕೆ ಮೊದಲು ಹೆಸರು ಯಾರ ಕಿವಿಗೂ ಬೀಳಬಾರದು ಎನ್ನುವುದು ಅವಳ ಕಟ್ಟುನಿಟ್ಟು. ಆದರೆ ಕರೆದು ನೋಡದೆ ಹೆಸರಿಡುವುದೂ ಅವಳಿಗೆ ಸರಿಬರುತ್ತಿರಲಿಲ್ಲ. ಅದಕ್ಕೇ ಹಿತ್ತಲಿಗೆ ಹೋಗಿ, ನೀರು ತುಂಬುವ ದೊಡ್ಡ ಮಣ್ಣಿನ ಹರಿವಿಯನ್ನು ಖಾಲಿ ಮಾಡಿಕೊಂಡು, ಅದರ ಬಾಯಿಗೆ ಮುಖವಿಟ್ಟು ಹೊಸ ಹೆಸರನ್ನು ಕೂಗುತ್ತಿದ್ದಳು. ಒಳಗಿನಿಂದ ಅದು ಹೇಗೆ ತಿರುಗಿ ಬರುತ್ತದೆಂದು ಕಿವಿಗೊಟ್ಟು ಕೇಳುತ್ತಿದ್ದಳು. ಸರಿಯಾಗಿ ಬರದಿದ್ದರೆ ಆ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು. ಓಣಿಯ ಬಾಣಂತಿಯರು ಮೊಬೈಲಿನಲ್ಲಿ ಹುಡುಕಿದ ಹೆಸರು ತಂದು ತೋರಿಸಿದರೆ ಅವಳ ಮಾತು ಒಂದೇ: “ಒಲಿ ಮುಂದ ಕುಂತು ಓಣಿಗೆ ಕೇಳುವಂಗ ಕರಿಯಾಕ ಬರ್ತೈತೇನ ನೋಡವಾ. ಬರಲಿಲ್ಲಂದ್ರ ಅದು ಹೆಸರಲ್ಲ, ಬರೇ ಬರಿಯಾಕ ಇಟ್ಟದ್ದು.”

ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಸಲಹಾ ಕೆಲಸ ಶುರುಮಾಡಲು ಹೊರಟಾಗ ಅತ್ತೆಯ ಈ ಕಟ್ಟುನಿಟ್ಟು ನನ್ನ ತನಕ ಬಂತು. ಅಲ್ಲಿಯವರೆಗೆ ನಾನು ಆಹಾರದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೆ. ಮನೆಯಲ್ಲಿ ಒಣಗಿಸಿದ ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯಂಥ ಚಟ್ನಿಪುಡಿ ಮಾಡಿ ಮಾರುವ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಊರೂರಿಗೂ ಇದ್ದಾರೆ. ಲೈಸೆನ್ಸ್ ಹೇಗೆ ತೆಗೆಸಬೇಕು, ಪಾಕೀಟಿನ ಮೇಲೆ ಏನೇನು ಅಚ್ಚು ಹಾಕಿಸಬೇಕು, ಹಿಂಡಿ ಮುಗ್ಗಲು ಹಿಡಿಯದಂತೆ ಹೇಗೆ ಇಡಬೇಕು ಎಂದು ಅವರಿಗೆ ಹೇಳಿಕೊಡುವುದು ನನ್ನ ಕೆಲಸ. ಬೋರ್ಡು ಬರೆಸುವ ಮೊದಲು ಅಂತರ್ಜಾಲದಲ್ಲಿ ಒಂದು ವಿಳಾಸ ಬೇಕಿತ್ತು. ಡೊಮೇನ್ ಹೆಸರು ಸಿಕ್ಕರೆ ಅದೇ ಬೋರ್ಡಿಗೆ, ಅದೇ ಕಾರ್ಡಿಗೆ ಎಂದುಕೊಂಡಿದ್ದೆ.

ಸಿಗಲಿಲ್ಲ. ಬುತ್ತಿ, ರುಚಿ, ಒಲೆ, ರೊಟ್ಟಿ, ಬಿಳಿಜೋಳ ಹೀಗೆ ಏನು ಒತ್ತಿದರೂ ಯಾರೋ ಮೊದಲೇ ತೆಗೆದುಕೊಂಡು ಕೂತಿದ್ದರು. ಹಿಂದೆ ಮುಂದೆ ಇಂಗ್ಲಿಷಿನ ಬಾಲ ಕಟ್ಟಿದರೆ ಸಿಗುತ್ತಿತ್ತು, ಆದರೆ ನನ್ನ ಬಾಯಿಗೇ ಅದು ಹೊಂದುತ್ತಿರಲಿಲ್ಲ. ಒಂದು ಭಾನುವಾರ ಹುನಗುಂದಕ್ಕೆ ಹೋದಾಗ ಅತ್ತೆಯ ಮುಂದೆ ಈ ಗೋಳು ತೋಡಿಕೊಂಡೆ. ಅವಳು ಶೇಂಗಾ ಸುಲಿಯುತ್ತ ಕೇಳಿಸಿಕೊಂಡಳು.

“ಒಬ್ರು ಇಟ್ಕೊಂಡ ಹೆಸರ ಇನ್ನೊಬ್ರು ಇಟ್ಕೋಬಾರದೇನ?” ಎಂದಳು.

“ಅಲ್ಲಿ ಹಂಗೈತತ್ತಿ. ಒಂದ ಹೆಸರಿಗೆ ಒಬ್ರ ಮಾಲಕರು. ಮೊದಲ ಬಂದವ್ರದು.”

ಅತ್ತೆ ಸುಲಿಯುವುದನ್ನು ನಿಲ್ಲಿಸಿದಳು. ಆಮೇಲೆ, “ನಿನಗ ಕೂಸ ಹುಟ್ಟಿದ್ರ ಹೆಸರಿಡೂ ಹಕ್ಕ ನಿನ್ನ ಗಂಡನ ಅಕ್ಕಂದು. ಇದು ಹಂಗಲ್ಲ, ನಮ್ಮ ಮನ್ಯಾಗ ಹುಟ್ಟಿದ್ದು. ಇದಕ್ಕ ನಾನ ಇಡ್ತೇನಿ. ಅಲ್ಲಿತನಾ ನೀ ಏನೂ ಖರೀದಿ ಮಾಡಬ್ಯಾಡ,” ಎಂದಳು.

ನನಗೆ ಮಕ್ಕಳಿಲ್ಲ. ಮನೆಮಂದಿ ನನ್ನೆದುರು ಆ ಮಾತು ಎತ್ತುತ್ತಿರಲಿಲ್ಲ. ಅವಳೊಬ್ಬಳೇ ಅದನ್ನು ಹಗಲಿನಲ್ಲಿ, ಶೇಂಗಾ ಸಿಪ್ಪೆಯ ನಡುವೆ, ನೋಯದಂತೆ ಎತ್ತಿದಳು. ನಾನು ಹೂಂ ಎಂದೆ.

ಅವಳು ಹೆಸರು ಹುಡುಕುತ್ತಿರುವಾಗಲೇ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದರು, ಆಮೇಲೆ ಧೂಳು ಎಂದರು. ಕೊನೆಗೆ ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಗಂಟಲೊಳಗೆ ಗಡ್ಡೆ ಇರುವುದು ಗೊತ್ತಾಯಿತು. ಡಾಕ್ಟರು ಅವಳ ಮಗನನ್ನೂ ನನ್ನನ್ನೂ ಕೂರಿಸಿಕೊಂಡು, “ಧ್ವನಿಪೆಟ್ಟಿಗಿ ಪೂರ್ತಿ ತಗೀಬೇಕಾಗತೈತ್ರಿ. ಜೀವ ಉಳಿತೈತಿ, ದನಿ ಉಳಿಯಂಗಿಲ್ಲ,” ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಅದನ್ನು ಹೇಳುವವರು ಯಾರು? ಅವಳ ಮಗ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ನಾನೇ ಹೇಳಿದೆ. ಅವಳು ಅಳಲಿಲ್ಲ. “ಯಾವಾಗ?” ಎಂದು ಮಾತ್ರ ಕೇಳಿದಳು. ಆಪರೇಷನ್ನಿನ ದಿನ ತಿಳಿದ ಮೇಲೆ, “ಹಂಗಾರ ಅದಕ್ಕಿಂತ ಮೊದಲ ತೊಟ್ಟಲಾ ಕಟ್ಟಬೇಕು,” ಎಂದಳು. ನನ್ನ ಕಂಪನಿಯ ತೊಟ್ಟಿಲು.

ದವಾಖಾನೆಗೆ ಸೇರುವ ಹಿಂದಿನ ದಿನ ಅತ್ತೆ ನವನಗರದ ನಮ್ಮ ಮನೆಗೆ ಬಂದಳು. ನಾನು, ನಮ್ಮವ್ವ, ಅತ್ತೆ ಮೂವರೇ ಇದ್ದೆವು. ನಡುಮನೆಯಲ್ಲಿ ಚಾಪೆ ಹಾಸಿ, ಅತ್ತೆ ಹೇಳಿದಂತೆ ಕಂಪ್ಯೂಟರನ್ನು ಮಣೆಯ ಮೇಲಿಟ್ಟೆ. ಅವಳು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ಕೀಲಿಗಳ ಮೇಲೆ ಕುಂಕುಮ ಉದುರಿದ್ದಕ್ಕೆ ನಾನು ಗಾಬರಿಯಾದೆ.

“ಕಿವಿ ಎಲ್ಲೈತಿ ಇದಕ್ಕ?” ಎಂದು ಕೇಳಿದಳು. ಹಾಸ್ಯಕ್ಕಲ್ಲ, ನಿಜವಾಗಿಯೂ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನನ್ನೇ ಹತ್ತಿರ ಎಳೆದುಕೊಂಡು ನನ್ನ ಕಿವಿಗೆ ಬಾಯಿ ಹಚ್ಚಿದಳು. ಅವ್ವ ಪದ್ಧತಿಯಂತೆ ಅವಳ ಹಿಂದೆ ಬಂದು ನಿಂತು ಮುಷ್ಟಿ ಎತ್ತಿದಳು. ಎತ್ತಿದ ಕೈ ಇಳಿಯಲಿಲ್ಲ.

“ಗುದ್ದವಾ, ಏನ ನೋಡ್ತಿ?” ಎಂದು ಅತ್ತೆ ತಿರುಗದೆಯೇ ಗದರಿದಳು. “ಇಷ್ಟ ವರ್ಷ ಬಿಟ್ಟಿದ್ದಿಯೇನ?”

ಅವ್ವ ಗುದ್ದಿದಳು. ಗುದ್ದಿ ಆ ಬೆನ್ನಿಗೇ ತಲೆ ಇಟ್ಟು ಅಳತೊಡಗಿದಳು. ಅತ್ತೆ ಒಡೆದ ದನಿಯಲ್ಲಿ ನನ್ನ ಕಿವಿಯೊಳಗೆ ಕುರ್ರ್ ಎಂದು ಒಂದು ಹೆಸರು ಹೇಳಿದಳು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಜಾಹೀರಾತಾದೀತು. ಹಳೆಯ ಕಾಲದ ಹೆಣ್ಣು ಹೆಸರು ಅದು. ಈಗ ಯಾರೂ ಮಕ್ಕಳಿಗೆ ಇಡುವುದಿಲ್ಲ. ನಮ್ಮ ಬಳಗದಲ್ಲಿ ಅದನ್ನು ಯಾರಿಗೂ ಇಟ್ಟದ್ದು ನಾನು ಕೇಳಿರಲಿಲ್ಲ.

“ಯಾರ ಹೆಸರತ್ತಿ ಇದು?”

“ನಂದು,” ಎಂದಳು.

ಅವ್ವ ತಲೆ ಎತ್ತಿದಳು. ಅಷ್ಟು ವರ್ಷ ಒಂದೇ ಬಳಗದಲ್ಲಿದ್ದೂ ಅವಳಿಗೆ ಅದು ಗೊತ್ತಿರಲಿಲ್ಲ. ನಮ್ಮ ಅಪ್ಪನ ಬಾಯಲ್ಲಿ ಅತ್ತೆ ಯಾವಾಗಲೂ ಅಕ್ಕ. ಹುನಗುಂದದವರು ಕರೆಯುತ್ತಿದ್ದ ಹೆಸರನ್ನೇ ನಾವೆಲ್ಲ ಅವಳ ಹೆಸರೆಂದು ತಿಳಿದಿದ್ದೆವು.

“ಹಿರೇ ನೆಗೆಣ್ಣಿದೂ ಅದ ಹೆಸರಿತ್ತು,” ಎಂದಳು ಅತ್ತೆ. ಗಂಡನ ಅಣ್ಣನ ಹೆಂಡತಿ ಮೊದಲೇ ಆ ಹೆಸರಿನಿಂದ ಆ ಮನೆಯಲ್ಲಿದ್ದಳು. “ಒಂದ ಮನ್ಯಾಗ ಎರಡ ಯಾಕಂತ ಮದಿವಿ ದಿನಾನ ನಂದು ತಗದ್ರು. ಆಕಿ ಮೊದಲ ಬಂದಾಕಿ. ಯಾರದೂ ತಪ್ಪಿಲ್ಲ.”

“ಮತ್ತ ನಮ್ಮ ಹುಡುಗ್ಯಾರಿಗೆ ಒಬ್ರಿಗಾದ್ರೂ ಇಡಬಾರದಿತ್ತೇನತ್ತಿ?”

“ಆಕಿನೂ ಒಂದ ದಿನ ಮದಿವಿ ಆಗಿ ಹೋಗ್ತಾಳ. ಅಲ್ಲಿ ಮತ್ತ ತಗದ್ರ? ನಿನ್ನ ಕಂಪನಿ ಯಾರ ಮನಿಗೂ ಹೋಗಂಗಿಲ್ಲಲ್ಲ.”

ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಒತ್ತಿದೆ. ಇದೊಂದು ಸಿಗದಿದ್ದರೆ ಅವಳ ಮುಖವನ್ನು ಹೇಗೆ ನೋಡಲಿ ಎಂದು ಅಂಜುತ್ತಲೇ ಪರದೆ ನೋಡಿದೆ. ಆ ವಿಳಾಸ ಖಾಲಿ ಇತ್ತು.

“ಯಾರೂ ತಗೊಂಡಿಲ್ಲೇನ?”

“ಇಲ್ಲತ್ತಿ. ಹಂಗ ಐತಿ.”

“ಇನ್ನೂ ಐತಿ?” ಎಂದು ಮತ್ತೊಮ್ಮೆ ಕೇಳಿದಳು. ಆಗ ಅವಳ ಕಣ್ಣು ತುಂಬಿದವು. ನಾನು ಅಲ್ಲೇ ಹಣ ಕಟ್ಟಿ ಅದನ್ನು ಕೊಂಡೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, “ಇನ್ನ ಯಾರೂ ತಗೀಲಾಕ ಬರಂಗಿಲ್ಲ, ಹೌದಿಲ್ಲೋ?” ಎಂದಳು. ಅವಳಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ವರ್ಷಾ ವರ್ಷಾ ನವೀಕರಿಸಬೇಕು, ಮರೆತರೆ ಹೋಗಿಬಿಡುತ್ತದೆ ಎಂದೆ.

“ಹಂಗಾರ ಮರೀಬ್ಯಾಡ,” ಎಂದಳು.

ಮರುದಿನವೂ ಅವಳು ನರ್ಸುಗಳ ಜೊತೆ, ನಮ್ಮವ್ವನ ಜೊತೆ ಏನೇನೋ ಮಾತಾಡಿರಬೇಕು. ಆದರೆ ನನಗೆ ಅವಳು ಹೇಳಿದ ಕೊನೆಯ ಮಾತು ಅದೇ. ಆಪರೇಷನ್ ಚೆನ್ನಾಗಿಯೇ ಆಯಿತು. ಕೊರಳಿನ ರಂಧ್ರದಿಂದ ಉಸಿರಾಡುತ್ತ, ಅದರ ಮೇಲೆ ಇಳಕಲ್ ಸೀರೆಯ ಸೆರಗು ಎಳೆದುಕೊಂಡು, ಇನ್ನೂ ಕೆಲವು ವರ್ಷ ಬದುಕಿದಳು. ಬಳಗದ ತೊಟ್ಟಿಲುಗಳಲ್ಲಿ ಹೆಸರಿಡುವ ಕೆಲಸ ಬೇರೆಯವರಿಗೆ ಹೋಯಿತು. ಅವಳು ಬಂದು ಕೂತು ನೋಡಿ ಹೋಗುತ್ತಿದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಹುನಗುಂದದವರು ಶ್ರದ್ಧಾಂಜಲಿಯ ಫಲಕದಲ್ಲಿ ಅವರು ಇಟ್ಟ ಹೆಸರನ್ನೇ ಬರೆಸಿದ್ದರು. ಮನೆಗೆ ಬಂದು, ಅವಧಿ ಇನ್ನೂ ಬಾಕಿ ಇದ್ದರೂ, ಆ ವಿಳಾಸವನ್ನು ಮುಂದಿನ ಹಲವು ವರ್ಷಗಳಿಗೆ ನವೀಕರಿಸಿದೆ. ಆಗ ನಾನು ಸಮಾಧಾನವಾಗಿ ಅತ್ತುಬಿಟ್ಟೆ.

ಅವಳು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ದವಾಖಾನೆಗೆ ತೋರಿಸಿಕೊಳ್ಳಲು ಬಂದವಳು ನನ್ನ ಆಫೀಸಿನಲ್ಲಿ ಕೂತಿದ್ದಳು. ನಮ್ಮ ಜಿಲ್ಲೆಯ ಬನಶಂಕರಿ ಕಡೆಯಿಂದ ರೊಟ್ಟಿ ಮಾಡುವ ಹೆಂಗಸೊಬ್ಬಳು ಮೊದಲ ಸಲ ನನ್ನನ್ನು ಹುಡುಕಿಕೊಂಡು ಬಂದಳು. ಬೋರ್ಡಿನ ಮೇಲಿದ್ದದ್ದು ನನ್ನ ಹೆಸರೇ ಎಂದು ತಿಳಿದಿದ್ದಳು. ಚಪ್ಪಲಿ ಬಿಡುತ್ತ ಬಾಗಿಲಿನಿಂದಲೇ ಆ ಹೆಸರು ಹಿಡಿದು, “ಅಕ್ಕಾರ ಅದಾರೇನ್ರಿ?” ಎಂದು ದೊಡ್ಡ ದನಿಯಲ್ಲಿ ಕೂಗಿದಳು.

ನಾನು ಬರ್ರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದು ನಿಂತು ಕೈ ಎತ್ತಿದ್ದಳು.