ನನ್ನ ಎಡಗಿವಿಯ ಸುಳ್ಳು

ಜಯಾ, ನನ್ನ ಎಡಗಿವಿ ಕೇಳಿಸುವುದಿಲ್ಲ. ನೆನಪು ಮೂಡಿದಾಗಿನಿಂದಲೂ ಕೇಳಿಸಿಲ್ಲ. ಮಳವಳ್ಳಿಯ ನಿಮ್ಮ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ — ಇದನ್ನು ನಿನ್ನಣ್ಣನಿಂದಲೂ ಮುಚ್ಚಿಟ್ಟೆ. ಅದರ ದಂಡವನ್ನು ನಾನೇ ತೆತ್ತಿದ್ದರೆ ಈಗಲೂ ಬರೆಯುತ್ತಿರಲಿಲ್ಲವೇನೋ. ತೆರುತ್ತಿರುವವಳು ನಿನ್ನ ಮಗಳು ಮಂಜು.

ದಿನಕ್ಕೊಂದು ಪುಟ ಬರೆಯುವ ನನ್ನ ಅಭ್ಯಾಸವನ್ನು ನೀನು ಗೇಲಿ ಮಾಡುತ್ತೀಯ. ಆ ಅಭ್ಯಾಸದಿಂದಲೇ ತಾರೀಕು ತಪ್ಪದೆ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಾಗ. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟಿದ್ದೆನಂತೆ. ಮಂಡ್ಯದ ಡಾಕ್ಟರಮ್ಮ ಹತ್ತಿಯಲ್ಲಿ ಸುತ್ತಿ, ಹನಿಹನಿ ಹಾಲು ಬಿಟ್ಟು, ಜ್ವರ ಬಂದಾಗ ಒಂದು ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ನಡೆದದ್ದು ತಡ, ಮಾತು ಬಂದದ್ದು ತಡ, ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳಿ. ಕಿವಿಯ ವಿಷಯ ಮೊದಲು ತಿಳಿದದ್ದು ನನ್ನ ಸೋದರತ್ತೆಗೆ. ಅವಳು ಯಾರಿಗೂ ಹೇಳಲಿಲ್ಲ. ನನ್ನೆದುರು ನಿಂತು ತುಟಿ ಬಿಡಿಸಿ ಮಾತಾಡುವುದನ್ನು ರೂಢಿಸಿಕೊಂಡಳು. ನಾನು ತುಟಿ ಓದುವುದನ್ನು ಕಲಿತೆ.

೧೯೭೪ರ ಮಾರ್ಚ್ ಹತ್ತು, ಭಾನುವಾರ, ನೀವೆಲ್ಲ ನನ್ನನ್ನು ನೋಡಲು ನಮ್ಮೂರು ಹನಕೆರೆಗೆ ಬಂದಿರಿ. ಅದೇ ಹೊತ್ತಿಗೆ, ಮೊದಲೇ ಹೇಳಿ ಕಳಿಸದೆ, ಡಾಕ್ಟರಮ್ಮನೂ ಬಂದರು. ನಿನ್ನ ಅವ್ವ ತಟ್ಟೆ ಕೆಳಗಿಟ್ಟು ಕೇಳಿದ್ದು ನಿನಗೆ ನೆನಪಿರಬೇಕು:

"ಮನೇಗೇ ಡಾಕ್ಟ್ರು ಬಂದವ್ರಲ್ಲ, ಎಣ್ಣಿಗೇನಾರ ಐಬು ಗೀಬು ಅದಾ?"

"ಐಬೆಲ್ಲಿಂದ ಬಂತು? ತಾವು ಉಳಿಸಿದ್ ಕೂಸು ಎಂಗದೆ ಅಂತ ನೋಡಕ್ ಬಂದವ್ರೆ ಕಣಮ್ಮ. ಉಪ್ಪಿಟ್ಟು ಆರೋಯ್ತದೆ, ತಿನ್ನಿ," ಅಂದಳು ಸೋದರತ್ತೆ.

ಡಾಕ್ಟರಮ್ಮ ನನ್ನನ್ನು ಹಿತ್ತಿಲಿಗೆ ಕರೆದೊಯ್ದರು. ಆ ಇಂಜೆಕ್ಷನ್ ಕಿವಿಯನ್ನು ಕೆಡಿಸುತ್ತದೆಂಬ ಅನುಮಾನ ಅವರಿಗಿತ್ತು. ಅಷ್ಟು ಬೇಗ ಹುಟ್ಟಿ, ಅದನ್ನು ತೆಗೆದುಕೊಂಡು, ಬದುಕಿ ಬೆಳೆದವರನ್ನು ಊರೂರು ಹುಡುಕಿದ್ದರು; ಸಿಕ್ಕವಳು ನಾನೊಬ್ಬಳೇ. "ನೀವು ಹೇಳಿದ್ರೆ ತಾನೆ, ಮುಂದಿನ ಮಕ್ಕಳಿಗೆ ಏನು ಕೊಡಬೇಕು ಅಂತ ನಮಗೆ ಗೊತ್ತಾಗೋದು," ಅಂದರು. ಬಲಗಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ಹಿಂದೆ ನಿಂತು, ಪಿಸುದನಿಯಲ್ಲಿ ಒಂದೊಂದೇ ಪದ ಹೇಳತೊಡಗಿದರು. ಕೇಳಿದ್ದನ್ನು ನಾನು ಹೇಳಬೇಕು.

ನನಗೆ ಏನೂ ಕೇಳಿಸಲಿಲ್ಲ. ನನ್ನೆದುರು ಎರಡು ಮಾರು ದೂರದಲ್ಲಿ, ಬಟ್ಟೆ ಹಿಂಡುವ ನೆಪದಲ್ಲಿ, ಸೋದರತ್ತೆ ನಿಂತಿದ್ದಳು. ಡಾಕ್ಟರಮ್ಮ ಪಿಸುಗುಟ್ಟಿದ ಪದಕ್ಕೇ ಅವಳ ತುಟಿ ಅಲುಗಿತು — ಬೆಲ್ಲ. "ಬೆಲ್ಲ," ಅಂದೆ. ಹೂವು. ಅವರೆ. ಮಾವು. ನಾನು ಕಣ್ಣು ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಲಿಲ್ಲ — ಒಳಗೆ ನೀವು ಕೂತಿದ್ದಿರಿ.

ಡಾಕ್ಟರಮ್ಮ ನನ್ನ ತಲೆ ಸವರಿದರು. "ಸದ್ಯ, ನನ್ನ ಅನುಮಾನವೇ ತಪ್ಪು," ಅಂದರು.

೧೯೭೬ರ ಜೂನ್ ಮೂರು, ಗುರುವಾರ. ನಿನಗೂ ದಿನ ತುಂಬದೆ ಹೆರಿಗೆಯಾಗಿತ್ತು. ಅದೇ ಡಾಕ್ಟರಮ್ಮ, ಮಗುವಿಗೆ ಅಂಥದೇ ಜ್ವರ. ಬೇರೊಂದು ಔಷಧಿಯನ್ನು ಮೈಸೂರಿನಿಂದ ಸಂಜೆಯೊಳಗೆ ತರಿಸಬಹುದು, ಈ ಇಂಜೆಕ್ಷನ್ ಕೈಯಲ್ಲೇ ಇದೆ, ನಿಮ್ಮ ಅತ್ತಿಗೆಗೂ ಇದನ್ನೇ ಕೊಟ್ಟಿದ್ದೆ — ಅಂದರು ಅವರು. ನೀನು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದೆ.

"ಅತ್ತಿಗೆ, ನಿಮ್ಗೇನೂ ಆಗ್ನಿಲ್ವಲ್ಲ?"

ಬಾಗಿಲಲ್ಲಿ ನಿನ್ನಣ್ಣ ನಿಂತಿದ್ದರು.

"ಏನೂ ಆಗ್ನಿಲ್ಲ ಕಣವ್ವ. ಕೊಡ್ಸು."

ಯಾರೂ ನನ್ನ ಗಂಟಲು ಹಿಡಿದಿರಲಿಲ್ಲ. ಸೋದರತ್ತೆ ಅಲ್ಲಿ ಇರಲಿಲ್ಲ. ಆ ಮಾತು ನನ್ನದೇ.

ಇಂಜೆಕ್ಷನ್ ಅವಳ ಜೀವ ಉಳಿಸಿತು, ನಿಜ. ಇನ್ನೊಂದು ಔಷಧಿಯೂ ಉಳಿಸುತ್ತಿತ್ತೋ ಇಲ್ಲವೋ, ನಮ್ಮಂಥವರ ಕಿವಿ ಕೆಡುವುದು ಇದರಿಂದಲೋ ಅಥವಾ ಅಷ್ಟು ಬೇಗ ಹುಟ್ಟಿದ್ದರಿಂದಲೋ, ನನಗೆ ತಿಳಿಯದು. ಡಾಕ್ಟರಮ್ಮನಿಗೂ ತಿಳಿಯದು. ತಿಳಿಯುವುದಕ್ಕೆ ಇದ್ದದ್ದು ಒಂದೇ ದಾರಿ — ಬದುಕಿ ಉಳಿದವರು ನಿಜ ಹೇಳುವುದು. ಅದಕ್ಕೆ ನಾನು ಮಣ್ಣು ಹಾಕಿದೆ. ನನ್ನನ್ನು ನಂಬಿ ಅವರು ಇನ್ನೆಷ್ಟು ಕೂಸುಗಳಿಗೆ ಅದನ್ನು ಕೊಟ್ಟರೋ, ಆ ಲೆಕ್ಕ ನನ್ನಲ್ಲಿಲ್ಲ.

ಮಂಜುವಿಗೆ ಈಗ ಎರಡೂವರೆ. ಮಾತು ತಡ, ಅಷ್ಟೇ, ಅಂತ ನೀವೆಲ್ಲ ಸಮಾಧಾನವಾಗಿದ್ದೀರಿ. ಬೆಸಗರಹಳ್ಳಿಯ ನಿನ್ನ ಮನೆಗೆ ಬಂದಾಗಲೆಲ್ಲ ನಾನು ಅವಳನ್ನು ಹಿಂದಿನಿಂದ ಕರೆದು ನೋಡಿದ್ದೇನೆ. ಈ ವರ್ಷ ಹನ್ನೊಂದು ಸಲ ಕರೆದೆ. ತಿರುಗಿದ್ದು ಒಂದೇ ಸಲ — ಆಗ ನನ್ನ ನೆರಳು ಅವಳ ಮುಂದೆ ಬಿದ್ದಿತ್ತು.

ನಿನ್ನಣ್ಣನಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಊಟ ಬಿಟ್ಟು ಎದ್ದರು. ಸೋಮವಾರ ಮಂಡ್ಯಕ್ಕೆ ಹೋಗಿ ಡಾಕ್ಟರಮ್ಮನಿಗೂ ಹೇಳುತ್ತೇನೆ. ಅವರು ಮತ್ತೆ ಪರೀಕ್ಷೆ ಮಾಡಲಿ. ನೀನು ನನ್ನ ಜೊತೆ ಬಸ್ಸು ಹತ್ತದಿದ್ದರೂ ಸರಿಯೇ, ಮಂಜುವನ್ನು ಮಾತ್ರ ತಡಮಾಡದೆ ಅವರಿಗೆ ತೋರಿಸು.

ಕ್ಷಮೆ ಕೇಳುವ ಬಾಯಿ ನನಗಿಲ್ಲ. ಹೋದ ಶುಕ್ರವಾರ ಮಂಜು ಒಲೆಯತ್ತ ಹೋಗುತ್ತಿದ್ದಾಗ ನೀನು ಕೂಗಿದೆ. ಅವಳು ನಿಲ್ಲಲಿಲ್ಲ. ನೀನು ಓಡಿಹೋಗಿ ಎಳೆದುಕೊಂಡು ಬೆನ್ನಿಗೆ ಹೊಡೆದೆ — "ಎಷ್ಟ್ ಕೂಗುದ್ರೂ ತಿರುಗ್ ನೋಡಲ್ಲ, ಮೊಂಡು ಮುಂಡೇದು." ನಾನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬಾಯಿ ಬಿಡಲಿಲ್ಲ.

ಅವಳು ಮೊಂಡಲ್ಲ, ಜಯಾ. ಇನ್ನು ಹೊಡೆಯಬೇಡ.