ಕಂಬಳಿ ಹೊದಿಸಿದ ಅನ್ನ

ಅವರನ್ನು ಎಲ್ಲರೂ ಕುದಿಯಮ್ಮ ಎಂದೇ ಕರೆಯುತ್ತಿದ್ದರು, ಎದುರಿಗೂ, ಬೆನ್ನ ಹಿಂದೆಯೂ. ದೊಡ್ಡ ಆಸ್ಪತ್ರೆಯ ಹಿಂಬದಿಯಲ್ಲಿ, ರೋಗಿಗಳ ಜೊತೆ ಬಂದು ಉಳಿಯುವವರಿಗಾಗಿ ಒಂದು ಅಡುಗೆಮನೆ ಇತ್ತು. ಹತ್ತೊಂಬತ್ತು ವರ್ಷದಿಂದ ಅದರ ಮುಖ್ಯ ಅಡುಗೆಯವರು ಅವರೇ. ನನ್ನ ತಾಯಿ ಆ ಆಸ್ಪತ್ರೆಯಲ್ಲಿ ಏಳು ವಾರ ಮಲಗಿದ್ದಾಗ ನಾನು ಎರಡು ಹೊತ್ತೂ ಅಲ್ಲೇ ಉಂಡೆ. ಸುಮ್ಮನೆ ಕೂತು ಉಣ್ಣಲು ಮನಸ್ಸು ಒಪ್ಪದೆ ತರಕಾರಿ ಹೆಚ್ಚಿಕೊಡುತ್ತಿದ್ದೆ. ಈ ಕಥೆ ನಾನು ಕಂಡದ್ದು ಅರ್ಧ, ಈರುಳ್ಳಿ ಸುಲಿಯುತ್ತ ಅವರ ಬಾಯಿಂದ ಕೇಳಿದ್ದು ಇನ್ನರ್ಧ.

ದೇವರನ್ನು ಬಿಟ್ಟರೆ ಅವರು ನಂಬಿದ್ದು ಕುದಿಯುವ ನೀರನ್ನು. ಅದಕ್ಕೆ ಕಾರಣವೂ ಇತ್ತು. ಅವರು ಎಂಟು ವರ್ಷದವರಿದ್ದಾಗ ಅವರ ಬೀದಿಗೆ ವಿಷಮಶೀತ ಜ್ವರ ಬಂತು. ಅಕ್ಕ ಇಪ್ಪತ್ತು ದಿನ ಮಲಗಿ ಹೋಗಿಬಿಟ್ಟಳು. ಅಂದಿನಿಂದ ತಾಯಿ ಮನೆಗೆ ಬಂದ ಒಂದೊಂದು ತಂಬಿಗೆ ನೀರನ್ನೂ ಕುದಿಸತೊಡಗಿದರು. ಉಳಿದ ನಾಲ್ಕು ಮಕ್ಕಳಿಗೆ ಜ್ವರ ಸೋಕಲಿಲ್ಲ. ಕುದಿಯಮ್ಮ ಆ ಪಾಠವನ್ನು ಅಡುಗೆಮನೆಗೆ ತಂದರು. ಹಾಲು ಮೂರು ಸಲ ಉಕ್ಕಬೇಕು, ಚಮಚಗಳು ಬಿಸಿನೀರಲ್ಲಿ ಮುಳುಗಿ ಏಳಬೇಕು. ಯಾರಾದರೂ ನಕ್ಕರೆ, "ನಗ್ರಿ ನಗ್ರಿ, ಹೊಟ್ಟೆ ನೋವಿಲ್ಲದೆ ನಗ್ತಿದ್ದೀರಲ್ಲ, ಅದು ನನ್ನ ಪುಣ್ಯ" ಅನ್ನುತ್ತಿದ್ದರು.

ಪಾತ್ರೆ ತೊಳೆಯುವ ಕೆಲಸ ಅವರ ನಾದಿನಿಯದು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು ಎರಡು ವರ್ಷ ಕಿಟಕಿಯ ಪಕ್ಕದಿಂದ ಎದ್ದಿರಲಿಲ್ಲ. ಕುದಿಯಮ್ಮನೇ ಒಂದು ದಿನ ಕೈ ಹಿಡಿದು ಎಬ್ಬಿಸಿ ಈ ತೊಟ್ಟಿಯ ಮುಂದೆ ತಂದು ನಿಲ್ಲಿಸಿದ್ದರು. ಮೊದಲ ತಿಂಗಳು ಮಾತಿಲ್ಲ. ಎರಡನೇ ತಿಂಗಳು ಗೊಣಗಾಟ. ನಾನು ಹೋಗುವ ಹೊತ್ತಿಗೆ ಅವಳ ಬಾಯಿಗೆ ಇಡೀ ಅಡುಗೆಮನೆಯೇ ಹೆದರುತ್ತಿತ್ತು.

ಸಂಜೆಯ ಅನ್ನ ಉಳಿದರೆ ಅದನ್ನು ಕುದಿಯಮ್ಮ ಎಸೆಯುತ್ತಿರಲಿಲ್ಲ. ಸೊಂಟದೆತ್ತರದ ಆಳವಾದ ಪಾತ್ರೆಗೆ ತುಂಬಿ, ಮುಚ್ಚಳ ಬಿಗಿದು, ಹಳೆಯ ಉಣ್ಣೆಯ ಕಂಬಳಿಯೊಂದನ್ನು ಸುತ್ತಲೂ ಹೊದಿಸುತ್ತಿದ್ದರು. ಬೆಳಿಗ್ಗೆ ಐದಕ್ಕೆ ಬಂದು ನೀರು ಹಾಕಿ ಕುದಿಸಿದರೆ ಗಂಜಿ. ರಾತ್ರಿಯೆಲ್ಲ ವಾರ್ಡಿನ ಬೆಂಚಿನ ಮೇಲೆ ಮುದುಡಿದವರಿಗೆ ಮುಂಜಾನೆ ಏನಾದರೂ ಬಿಸಿಯಾದದ್ದು ಹೊಟ್ಟೆಗೆ ಬೀಳಲಿ ಎಂಬುದಷ್ಟೇ ಅವರ ಆಸೆ.

ನಾನು ಹೋದ ಮೂರನೇ ವಾರ, ಒಂದು ಸೋಮವಾರ, ಒಲೆ ಕೆಟ್ಟಿತು. ರಿಪೇರಿಯವನು ಬಂದದ್ದು ಎಂಟೂವರೆಗೆ. ಭಾನುವಾರ ಬಹಳ ಜನ ಊರಿಗೆ ಹೋಗಿದ್ದರಿಂದ ಪಾತ್ರೆ ಕಂಠಮಟ್ಟ ತುಂಬಿತ್ತು. ಒಂಬತ್ತಕ್ಕೆ ಗಂಜಿ ಕುದಿಯಿತು. ತಡವಾಯಿತೆಂದು ಕುದಿಯಮ್ಮ ಅದನ್ನು ಎಂದಿಗಿಂತ ಹೆಚ್ಚೇ ಕುದಿಸಿದರು. ಹತ್ತಕ್ಕೆ ಬಡಿಸಿದರು. ಹನ್ನೆರಡರ ಒಳಗೆ ಹದಿನಾಲ್ಕು ಜನ ವಾಂತಿ ಮಾಡಿಕೊಳ್ಳುತ್ತಿದ್ದರು.

ಜ್ವರ ಯಾರಿಗೂ ಇರಲಿಲ್ಲ. ಸಂಜೆಯ ಹೊತ್ತಿಗೆ ಹದಿಮೂರು ಜನ ಎದ್ದು ಕೂತರು. ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ನಿವೃತ್ತ ಬಡಗಿ ಅಜ್ಜನಿಗೆ ಮಾತ್ರ ಎರಡು ದಿನ ಡ್ರಿಪ್ ಹಾಕಬೇಕಾಯಿತು. ದೇವರ ದಯೆ, ಜೀವಕ್ಕೆ ಯಾವ ಅಪಾಯವೂ ಆಗಲಿಲ್ಲ.

ಮಧ್ಯಾಹ್ನವೇ ಮೇಲ್ವಿಚಾರಕರು ಬಂದು ಬಾಗಿಲಲ್ಲೇ ನಿಂತು ಕೇಳಿದರು. "ಏನಮ್ಮ ಇದು? ಹಳಸಿದ್ದು ಹಾಕಿದ್ರಾ?"

ಕುದಿಯಮ್ಮನ ಮುಖ ಕೆಂಪಾಯಿತು. "ಅರ್ಧ ಗಂಟೆ ಕೊತಕೊತ ಕುದಿಸಿದ್ದೀನಿ ಸಾರ್. ಕುದ್ದಿದ್ದರಲ್ಲಿ ಏನೂ ಉಳಿಯಲ್ಲ. ಬಂದಿದ್ರೆ ಬಟ್ಟಲಿಂದ ಬಂದಿರಬೇಕು."

ಬಾಯಿಂದ ಬಂದ ಮೇಲೆ ಅವರಿಗೆ ಗೊತ್ತಾಯಿತು. ಬಟ್ಟಲು ತೊಳೆಯುವವಳು ತೊಟ್ಟಿಯ ಮುಂದೆ ಒದ್ದೆ ಕೈಯಲ್ಲಿ ನಿಂತಿದ್ದಳು. ಮೇಲ್ವಿಚಾರಕರು ಅತ್ತ ತಿರುಗಿ, "ನೀವು ಶುಕ್ರವಾರದ ತನಕ ಬರಬೇಡಿ. ಅಲ್ಲೀವರೆಗೂ ಅಡುಗೆಮನೆ ಬಂದ್. ಅವತ್ತು ತೀರ್ಮಾನ ಮಾಡ್ತೀನಿ" ಎಂದರು. ನಾದಿನಿ ಕೈ ಒರೆಸಿಕೊಂಡು, ಏಪ್ರನ್ ಮಡಚಿಟ್ಟು, ಯಾರ ಮುಖವನ್ನೂ ನೋಡದೆ ಹೋದಳು.

ಆ ವಾರ ಅವರ ಮನೆಯಲ್ಲಿ ಮಾತೆಲ್ಲ ಗೋಡೆಯ ಜೊತೆ. ನಾದಿನಿ ತಟ್ಟೆ ಇಟ್ಟು, ಗೋಡೆಯ ಕಡೆ ತಿರುಗಿ, "ತೊಳೆದಿದ್ದೀನಿ. ನಂಬಿಕೆ ಇಲ್ದಿದ್ರೆ ಇನ್ನೊಂದ್ಸಲ ಕುದಿಸ್ಕೊಳ್ಳಲಿ" ಅನ್ನುವಳು. ಕುದಿಯಮ್ಮನ ಗಂಡ ಪೇಪರನ್ನು ಮೂಗಿನವರೆಗೂ ಎತ್ತಿಕೊಳ್ಳುವರು. ತಟ್ಟೆ ಇಟ್ಟವಳು ಮತ್ತೆ ಹೋಗಿ ಕಿಟಕಿಯ ಪಕ್ಕ ಕೂರುವಳು. ಕುದಿಯಮ್ಮ ಆ ಕುರ್ಚಿಗೆ ಬೆನ್ನು ಹಾಕಿ ಉಣ್ಣುವರು.

ಬುಧವಾರ ಆಸ್ಪತ್ರೆಯ ಲ್ಯಾಬಿನ ಮೇಡಂ ಬಂದರು. ಮೂವತ್ತು ದಾಟದ ಹೆಣ್ಣುಮಗಳು, ಇದೇ ಅಡುಗೆಮನೆಯಲ್ಲಿ ದಿನಾ ಉಣ್ಣುವವರು. ಸೋಮವಾರವೇ ಉಳಿದ ಗಂಜಿಯನ್ನೂ ಬಟ್ಟಲುಗಳನ್ನು ಒರೆಸಿದ ಹತ್ತಿಯನ್ನೂ ಶೀಶೆಗಳಲ್ಲಿ ಒಯ್ದಿದ್ದರು. ನಾನೂ ಕುದಿಯಮ್ಮನೂ ಖಾಲಿ ಅಡುಗೆಮನೆಯ ಡಬ್ಬಿಗಳನ್ನು ಒರೆಸುತ್ತಿದ್ದೆವು.

"ಬಟ್ಟಲಲ್ಲಿ ಏನೂ ಇಲ್ಲಮ್ಮ. ಗಂಜಿಯಲ್ಲೇ ವಿಷ ಸಿಕ್ಕಿದೆ" ಎಂದರು ಮೇಡಂ.

"ಕುದಿಸಿದ್ದೀನಿ ಮಗಳೇ."

"ನೀವು ಕುದಿಸಿದ್ದು ನನಗೆ ಗೊತ್ತು. ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಒಂದು ಜಾತಿ ಬ್ಯಾಕ್ಟೀರಿಯಾ ಬೀಜದ ಥರ ಗಟ್ಟಿಯಾಗಿ ಮಲಗಿರುತ್ತೆ. ಅನ್ನ ಬೆಂದ್ರೂ ಅದು ಸಾಯಲ್ಲ. ಆಮೇಲೆ ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಎದ್ದು ಕೂರುತ್ತೆ, ಸಂಸಾರ ಬೆಳೆಸುತ್ತೆ, ಅನ್ನದೊಳಗೆ ವಿಷ ಬಿಡುತ್ತೆ. ಬೆಳಿಗ್ಗೆ ನೀವು ಕುದಿಸಿದಾಗ ಬ್ಯಾಕ್ಟೀರಿಯಾ ಸಾಯ್ತು. ವಿಷ ಹಾಗೇ ಇತ್ತು."

"ವಿಷವೂ ಬೆಂದು ಹೋಗಬೇಕಲ್ಲ?"

"ಕೆಲವು ವಿಷ ಹೋಗ್ತವೆ. ಕಾಯಿಸಿದ್ರೆ ಮುರಿದು ಬೀಳ್ತವೆ. ಇದು ಆ ಥರದ್ದಲ್ಲ. ನಿಮ್ಮ ಒಲೆ ಇದಕ್ಕೆ ಬಿಸಿನೀರ ಸ್ನಾನ ಇದ್ದಂಗೆ. ಹೊಟ್ಟೆಗೆ ಬಿದ್ದು ಒಂದೆರಡು ಗಂಟೆಯಲ್ಲಿ ವಾಂತಿ. ಒಳಗೆ ಬೆಳೆಯೋಕೆ ಏನೂ ಇಲ್ವಲ್ಲ, ವಿಷ ಸಿದ್ಧವಾಗೇ ಹೋಗಿರುತ್ತೆ. ಅದಕ್ಕೇ ಅಷ್ಟು ಬೇಗ."

ಕುದಿಯಮ್ಮ ಒರೆಸುತ್ತಿದ್ದ ಡಬ್ಬಿಯನ್ನು ಕೆಳಗಿಟ್ಟರು. ಆಮೇಲೆ ಕೇಳಿದರು. "ಹಾಗಾದ್ರೆ ನಮ್ಮಮ್ಮ ಮಾಡಿದ್ದು ತಪ್ಪಾ?"

ಅವರು ಕೇಳುತ್ತಿದ್ದುದು ತಾಯಿಯ ಬಗ್ಗೆ ಮಾತ್ರವಲ್ಲ ಎಂದು ನನಗೆ ಅನಿಸಿತು. ಅಕ್ಕನ ಜ್ವರದ ಕಥೆಯನ್ನು ಅವರು ಹೇಳಿ ಮುಗಿಸುವವರೆಗೂ ಮೇಡಂ ಕೇಳಿಸಿಕೊಂಡರು.

"ಇಲ್ಲಮ್ಮ. ಆ ಜ್ವರ ಬರೋದು ಬದುಕಿರೋ ಬ್ಯಾಕ್ಟೀರಿಯಾದಿಂದ. ನೀರು ಕುದಿಸಿದ್ರೆ ಅದು ಸಾಯುತ್ತೆ, ಅಲ್ಲಿಗೆ ಮುಗೀತು. ನಿಮ್ಮಮ್ಮನಿಂದಾನೇ ನೀವು ನಾಲ್ವರು ಉಳಿದಿದ್ದು. ಇದು ಬೇರೆ ಕಾಯಿಲೆ, ಇದಕ್ಕೆ ಔಷಧಿ ಬೇರೆ. ಅನ್ನವನ್ನ ಬೇಗ ಆರಿಸಿ ಫ್ರಿಜ್‌ನಲ್ಲಿಡಬೇಕು, ಅಷ್ಟೆ. ಬೆಚ್ಚಗಿಡಬಾರದು."

"ಹತ್ತೊಂಬತ್ತು ವರ್ಷ ಇಟ್ಟಿದ್ದೀನಲ್ಲ?"

"ಇಷ್ಟು ದಿನ ಸ್ವಲ್ಪವೇ ಉಳೀತಿತ್ತು, ಐದು ಗಂಟೆಗೇ ಕುದಿಸ್ತಿದ್ರಿ, ವಿಷ ತುಂಬೋಕೆ ಹೊತ್ತು ಸಿಕ್ಕಿರಲಿಲ್ಲ. ದೇವರು ಕಾಪಾಡಿದ್ದಾನೆ ಅಂದ್ಕೊಳ್ಳಿ."

ಕುದಿಯಮ್ಮ ಒಪ್ಪಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬಲು ಅವರಿಗೆ ದೇವರೊಬ್ಬ ಸಾಕಾಗಿದ್ದ. ಮೇಡಂ ಕೈಯಿಂದ ಉದ್ದನೆಯ ಸೂಜಿಯ ಥರ್ಮಾಮೀಟರ್ ಒಂದನ್ನು ಕೇಳಿ ಇಸಿದುಕೊಂಡರು. ಆ ಸಂಜೆ ಯಾರಿಗೂ ಬಡಿಸದ ಅನ್ನ ಮಾಡಿದರು. ಅದೇ ಪಾತ್ರೆ, ಅದೇ ಮುಚ್ಚಳ, ಅದೇ ಕಂಬಳಿ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಚ್ಚಿದರು. ಸೂಜಿ ಚುಚ್ಚಿ ನನ್ನ ಕಡೆ ತಿರುಗಿಸಿದರು. ಅಂಚಿನಲ್ಲಿ ಮೂವತ್ತೆರಡು, ನಡುವೆ ಮೂವತ್ತೊಂಬತ್ತು. ನಾನು ಓದಿ ಹೇಳಿದೆ.

"ಮೂವತ್ತೊಂಬತ್ತು ಅಂದ್ರೆ?"

"ಜ್ವರ ಬಂದ ಮಗುವಿನ ಮೈಯಷ್ಟು."

ಅವರು ಅಂಗೈಯನ್ನು ಅನ್ನದ ಮೇಲಿಟ್ಟರು, ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆ ಕಂಬಳಿಯನ್ನು ಮಡಚಿ ಪಕ್ಕಕ್ಕಿಟ್ಟರು. "ರಾತ್ರಿಯೆಲ್ಲ ಅವುಕ್ಕೆ ಹೊದಿಸಿ ಮಲಗಿಸಿದ್ದೀನಿ ನಾನು. ತಪ್ಪನ್ನ ಅವಳ ಮೇಲೆ ಹಾಕಿದೆ" ಎಂದರು.

ಶುಕ್ರವಾರ ಅವರು ನಾದಿನಿಯನ್ನೂ ಕರೆದುಕೊಂಡು ಮೇಲ್ವಿಚಾರಕರ ಕೋಣೆಗೆ ಹೋದರು. ಲ್ಯಾಬಿನ ವರದಿ ಮೇಜಿನ ಮೇಲಿತ್ತು. ಅದರಲ್ಲಿ ಅನ್ನದ ಮಾತಿತ್ತೇ ಹೊರತು ಕಂಬಳಿಯ ಮಾತಾಗಲಿ ಯಾರ ಹೆಸರಾಗಲಿ ಇರಲಿಲ್ಲ.

"ಈ ವರದಿ ಜನಕ್ಕೆ ಅರ್ಥ ಆಗಲ್ಲಮ್ಮ. ಪಾತ್ರೆ ತೊಳೆಯೋರನ್ನ ಬದಲಾಯಿಸಿದ್ವಿ ಅಂತ ಒಂದು ನೋಟಿಸ್ ಹಾಕಿದ್ರೆ ಎಲ್ಲರಿಗೂ ಸಮಾಧಾನ. ನಿಮ್ಮ ಹೆಸರೂ ಉಳಿಯುತ್ತೆ" ಎಂದರು ಮೇಲ್ವಿಚಾರಕರು.

"ನನ್ನ ಹೆಸರು ಉಳಿಯೋದು ಬೇಡ ಸಾರ್. ಅನ್ನ ಬೆಚ್ಚಗಿಟ್ಟೋಳು ನಾನು, ಬಟ್ಟಲಿನ ಮೇಲೆ ಹಾಕಿದೋಳೂ ನಾನು. ಇವಳು ತೊಳೆದ ಬಟ್ಟಲಲ್ಲಿ ಲ್ಯಾಬಿನೋರಿಗೂ ಏನೂ ಸಿಗಲಿಲ್ಲ. ಬದಲಾಯಿಸೋದಾದ್ರೆ ನನ್ನ ಬದಲಾಯಿಸಿ. ನೋಟಿಸ್ ಹಾಕೋದಾದ್ರೆ ಹೀಗೇ ಹಾಕಿ."

ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಿಮ್ಮನ್ನ ತೆಗೆದ್ರೆ ಅಡುಗೆ ಯಾರು ಮಾಡ್ತಾರೆ, ನಾನಾ? ಆಯ್ತು. ಆದರೆ ಇನ್ಮೇಲೆ ಅನ್ನ ಎಷ್ಟು ಬಿಸಿ, ಎಷ್ಟು ಹೊತ್ತಲ್ಲಿ ಆರಿತು, ದಿನಾ ಬರೆದಿಡಬೇಕು. ಅದನ್ನ ನೋಡಿಕೊಳ್ಳೋರು ಯಾರು?"

"ನನಗೆ ಅಂಕಿ ಓದೋಕೆ ಕಣ್ಣು ಸಾಲದು. ಇವಳು ನೋಡ್ಕೋತಾಳೆ. ನಾನು ಹೇಳಿದ್ದನ್ನ ಒಂದೇ ಸಲಕ್ಕೆ ಯಾವತ್ತೂ ಕೇಳಿಲ್ಲ ಸಾರ್, ಅದಕ್ಕೇ ಇವಳೇ ಸರಿ."

ನಾದಿನಿ ಅತ್ತಿಗೆಯ ಹಿಂದೆಯೇ ಎದ್ದಳು. ಹೊರಗೆ ಬಂದ ಮೇಲೆ, "ಅಷ್ಟೂ ಹೇಳಬೇಕಿತ್ತಾ ಅತ್ತಿಗೆ, ಅವರ ಮುಂದೆ?" ಎಂದಳು. ಸೋಮವಾರದಿಂದ ಅವಳು ಅತ್ತಿಗೆಯ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಲ್ಲಿಂದ ಕುದಿಯಮ್ಮ ವಾರ್ಡಿಗೆ ಹೋದರು. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ತಮ್ಮ ರೋಗಿಗಳ ಜೊತೆ ಇನ್ನೂ ಅಲ್ಲಿದ್ದರು. ಒಬ್ಬೊಬ್ಬರ ಹತ್ತಿರವೂ ನಿಂತು ನಡೆದದ್ದನ್ನು ಹೇಳಿದರು. ಒಬ್ಬ ಹೆಂಗಸು ಮುಖ ತಿರುಗಿಸಿಕೊಂಡಳು. ಬಡಗಿ ಅಜ್ಜ ಮಾತ್ರ ದಿಂಬಿಗೆ ಒರಗಿ ಎಲ್ಲ ಕೇಳಿ, "ಅನ್ನಕ್ಕೆ ಕಂಬಳಿ ಹೊದಿಸಿದ್ರಾ? ಇಲ್ಲಿ ನಾನು ನಾಲ್ಕು ದಿನದಿಂದ ಒಂದು ಕಂಬಳಿ ಕೇಳ್ತಿದ್ದೀನಿ ತಾಯಿ, ಕೊಡೋರಿಲ್ಲ" ಎಂದರು. ಪಕ್ಕದ ಮಂಚದಲ್ಲಿದ್ದವರೂ ನಕ್ಕರು.

ಸೋಮವಾರ ಅಡುಗೆಮನೆ ತೆರೆಯಿತು. ಊಟಕ್ಕೆ ಬಂದದ್ದು ಒಂಬತ್ತೇ ಜನ, ನನ್ನನ್ನೂ ಸೇರಿಸಿ. ಕುದಿಯಮ್ಮ ಬಾಗಿಲ ಕಡೆ ನೋಡುತ್ತ ಬಡಿಸಿದರು. ಉಳಿದ ಅನ್ನವನ್ನು ನಾದಿನಿ ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳಷ್ಟು ತೆಳ್ಳಗೆ ಹರಡಿದಳು, ಫ್ಯಾನ್ ಹಾಕಿದಳು, ಸೂಜಿ ಚುಚ್ಚಿದಳು, ಗೋಡೆಯ ಹಾಳೆಯಲ್ಲಿ ಬರೆದಳು. ಕುದಿಯಮ್ಮ ಹತ್ತಿರ ಬಂದರೆ, "ಕೈ ತೆಗೀರಿ, ಇನ್ನೂ ಇಪ್ಪತ್ತೆಂಟಿದೆ" ಎಂದು ಗದರಿದಳು. ಕುದಿಯಮ್ಮ ಕೈ ತೆಗೆದರು.

ಮಂಗಳವಾರ ಹದಿನಾರು ಜನ. ಬುಧವಾರ, ವಾರ್ಡಿನಲ್ಲಿ ಮುಖ ತಿರುಗಿಸಿಕೊಂಡಿದ್ದ ಹೆಂಗಸು ಬಂದು, ಗೋಡೆಯ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಆಮೇಲೆ ಬಟ್ಟಲು ತೆಗೆದುಕೊಂಡಳು. ವಾರದ ಕೊನೆಗೆ ಸಾಲು ಬಾಗಿಲು ದಾಟಿ ಸೈಕಲ್ ನಿಲ್ಲಿಸುವ ಕಡೆಗೆ ಹೊರಳಿತ್ತು. ನಾದಿನಿ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ತೊಳೆಯುವ ನಾರು ಹಿಡಿದು ತೊಟ್ಟಿಗೂ ತಟ್ಟೆಗಳಿಗೂ ನಡುವೆ ಓಡಾಡುತ್ತಿದ್ದಳು.

"ಅತ್ತಿಗೆ, ಹೀಗಾದ್ರೆ ಆಗಲ್ಲ. ಪಾತ್ರೆಗೆ ಇನ್ನೊಬ್ಬರು ಬೇಕು. ನಾಳೇನೇ ಸಾರ್ ಹತ್ರ ಹೋಗಿ ಹೇಳ್ತೀನಿ."

"ಹೇಳು ಹೇಳು" ಎಂದರು ಕುದಿಯಮ್ಮ, ಸೌಟು ಕೆಳಗಿಡದೆ. "ನಿನ್ನ ಮಾತಿಗೆ ಅವರೂ ಹೆದರೋದು ಕಲೀಲಿ."