ಬೀರಕ್ಕನ ಇರುವೆ ಸಾಲು

ಮನೆ ಸಾಮಾನು ಸಾಗಿಸುವ ನಮ್ಮ ಬೀರಕ್ಕನಿಗೆ ಆ ಹೆಸರು ಬಂದದ್ದೇ ಬೀರುಗಳಿಂದ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಬೀರುವನ್ನು ನಾಲ್ವರು ಗಂಡಸರು ಬೆವರು ಸುರಿಸುತ್ತ ಬೈಯುತ್ತಿದ್ದರೆ, ಇವಳು ತಲೆ ಓರೆ ಮಾಡಿ, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ತಿರುಗಿಸುತ್ತಾಳೆ. "ಕಾಲು ಮೇಲೆ ಮಾಡಿ ಗೋಡೆ ಕಡೆ ವಾಲಿಸ್ರಪ್ಪಾ" ಎಂದರೆ ಸಾಕು, ಬೀರು ಬೆಕ್ಕಿನ ಹಾಗೆ ನುಸುಳಿಕೊಳ್ಳುತ್ತದೆ. ಬಿಟ್ಟರೆ ಆನೆಯನ್ನೂ ಬಚ್ಚಲ ಕಿಟಕಿಯಿಂದ ಇಳಿಸಿಯಾಳು! ಆದರೆ ಪೆಟ್ಟಿಗೆಗಳ ಮೇಲೆ ಅವಳು ಹೆಸರು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾಳೆ: ಅಡುಗೆಮನೆಯದಕ್ಕೆ ಸೌಟು, ಬಚ್ಚಲಿನದಕ್ಕೆ ಬಕೆಟ್ಟು, ಪುಸ್ತಕದ್ದಕ್ಕೆ ಇರುವೆ ಸಾಲು. ಕುತೂಹಲ ತಡೆಯಲಾರದೆ "ಇರುವೆ ಯಾಕಕ್ಕಾ?" ಎಂದೆ. "ಓದೋಕೆ ಕೂತ್ರೆ ಅಕ್ಷರ ಹಾಗೇ ಹರಿದಾಡ್ತವೆ ಕಣೋ. ಡಿಸ್ಲೆಕ್ಸಿಯಾ ಅಂತಾರಂತೆ. ನಮ್ಮ ಮೇಷ್ಟ್ರು ದಡ್ಡಿ ಅಂತಿದ್ರು" ಎಂದು ನಕ್ಕಳು. ಆ ನಗು ನಿಂತದ್ದನ್ನು ನಾನು ನೋಡಿದ್ದು ಒಂದೇ ಸಲ, ಶಾಲೆಯಿಂದ ಬಂದ ಅವಳ ಮಗಳು ತನ್ನ ಚೀಲದ ಮೇಲೆ ಇರುವೆ ಸಾಲು ಬಿಡಿಸಿಕೊಂಡು ಅಳುತ್ತ ಕೂತ ದಿನ. ಬೀರಕ್ಕ ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೂಲೆಯ ಬೀರುವನ್ನು ತೋರಿಸಿ, "ಇದನ್ನ ಮೆಟ್ಟಿಲು ಇಳಿಸೋದು ಹೇಗೆ, ಹೇಳು ಪುಟ್ಟಿ" ಎಂದಳು. ಮಗಳು ಮೂಗೊರೆಸಿಕೊಂಡು ಬೀರುವನ್ನು ನೋಡಿದಳು, ತಲೆ ಓರೆ ಮಾಡಿದಳು. ಅವಳ ಪುಟ್ಟ ಅಂಗೈ ಗಾಳಿಯಲ್ಲಿ ಮೆಲ್ಲಗೆ ತಿರುಗತೊಡಗಿತು.